ನಾನು ಮುಂದೆ ತಳ್ಳಿದ ಹದಿನಾಲ್ಕು ದಿನ

ಮಾರ್ಚ್ 18, ಮಂಗಳವಾರ

ಇವತ್ತು ತೇನಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ಮಾಡುತ್ತ ಮಾಡುತ್ತ ಮಾತು ನಿಲ್ಲಿಸಿಬಿಟ್ಟರು. ಮಾತು ನಿಲ್ಲಿಸುವವರನ್ನು ಕಂಡರೆ ನನಗೆ ಭಯ. ಇಪ್ಪತ್ತೆಂಟು ವರ್ಷದಿಂದ ಮದುವೆ ಕುದುರಿಸಿ ಬದುಕಿದವಳು ನಾನು. ಹೆಣ್ಣು ನೋಡಲು ಹೋದ ಮನೆಯಲ್ಲಿ ಜನ ಜಗಳವಾಡಿದರೂ ಸಂಬಂಧ ಕುದುರುತ್ತದೆ. ಸುಮ್ಮನಾದರೆ ಅಲ್ಲಿ ಏನೋ ಇದೆ ಎಂದೇ ಅರ್ಥ.

ಮಗಳು ಸರಣ್ಯಾ ಮಲಗಿದಲ್ಲಿಂದ ನನ್ನ ಮುಖ ನೋಡುತ್ತಿದ್ದಳು, ನಾನು ಡಾಕ್ಟರ್ ತಿಲಗವತಿಯವರ ಮುಖ ನೋಡುತ್ತಿದ್ದೆ, ಅವರು ಪರದೆ ನೋಡುತ್ತಿದ್ದರು. ಆಮೇಲೆ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮಾಸು ಒಂದೇ ತುಂಡಾಗಿ ಇರಬೇಕಿತ್ತಂತೆ. ನನ್ನ ಮಗಳದು ಎರಡು ತುಂಡು: ದೊಡ್ಡದೊಂದು, ದೂರದಲ್ಲಿ ಅದರ ಮರಿಯೊಂದು. ಎರಡಕ್ಕೂ ನಡುವೆ ರಕ್ತನಾಳ ಓಡುತ್ತದೆ, ಮೇಲೆ ಯಾವ ಹೊದಿಕೆಯೂ ಇಲ್ಲದೆ. ಅದು ಓಡುವುದು ಗರ್ಭದ ಬಾಯಿಗೆ ಅಡ್ಡಲಾಗಿ.

"ನೋವು ಬಂದು ನೀರು ಒಡೆದರೆ ಈ ನಾಳವೂ ಹರಿಯಬಹುದು. ಹರಿದರೆ ಹೋಗುವುದು ತಾಯಿಯ ರಕ್ತ ಅಲ್ಲ, ಮಗುವಿನದು" ಎಂದರು.

"ಎಷ್ಟು ಹೋಗುತ್ತೆ ಡಾಕ್ಟರಮ್ಮ?" ಎಂದೆ. ಅಳತೆ ಕೇಳದೆ ನನಗೆ ಆಗುವುದಿಲ್ಲ.

"ಮಗುವಿನ ಮೈಯಲ್ಲಿ ಇರುವುದೇ ಒಂದು ಲೋಟ."

ನಾಳೆಯೇ ದಾಖಲಾಗಬೇಕು. ಹೆರಿಗೆ ನೋವು ಬರುವ ಮೊದಲೇ, ಮೂವತ್ತಾರು ವಾರ ತುಂಬಿದ ದಿನ ಆಪರೇಷನ್. ಆ ದಿನ ಏಪ್ರಿಲ್ ಹದಿನೇಳು ಎಂದು ಕಾರ್ಡಿನಲ್ಲಿ ಬರೆದರು.

ಮನೆಗೆ ಬಂದು ನನ್ನ ಯಜಮಾನರಿಗೆ ಚಿತ್ರ ತೋರಿಸಿದೆ. ಬಾಳೆತೋಟ ಬಿಟ್ಟರೆ ಬೇರೆ ಲೋಕ ತಿಳಿಯದವರು. ಬಹಳ ಹೊತ್ತು ನೋಡಿ, "ಟ್ರ್ಯಾಕ್ಟರ್ ಬರಾ ಗೇಟ್‌ಗೆ ಅಡ್ಡ ಡ್ರಿಪ್ ಪೈಪ್ ಎಳ್ದಂಗೆ ಐತೆ" ಎಂದರು. ಡಾಕ್ಟರಮ್ಮನಿಗಿಂತ ಚೆನ್ನಾಗಿ ಹೇಳಿದರು. ಅದಕ್ಕೇ ಅವರ ಮೇಲೆ ಸಿಟ್ಟು ಬಂತು.

ಮಾರ್ಚ್ 19, ಬುಧವಾರ

ದಾಖಲಾಯಿತು. ಶ್ವಾಸಕೋಶ ಗಟ್ಟಿಯಾಗಲು ಮಗುವಿಗೆಂದು ತಾಯಿಗೆ ಸೂಜಿ ಚುಚ್ಚಿದರು. ಸರಣ್ಯಾಳ ಮಂಚದಿಂದ ಆಪರೇಷನ್ ಥಿಯೇಟರಿನ ಬಾಗಿಲಿಗೆ ಅರವತ್ತೆರಡು ಹೆಜ್ಜೆ. ಎರಡು ಸಲ ಅಳೆದೆ.

ಇನ್ನೊಂದು ವಿಷಯ ಬರೆಯಬೇಕು. ಬರೆದರೆ ಅಪಾಯವಿಲ್ಲ. ನನ್ನ ಕನ್ನಡ ಅಕ್ಷರ ಕೊಳ್ಳೇಗಾಲದ ದೊಡ್ಡಮ್ಮನ ಮನೆಯಲ್ಲಿ ಕಲಿತದ್ದು. ತಮಿಳುನಾಡಿನ ಉತ್ತಮಪಾಳಯದ ನಮ್ಮ ಬೀದಿಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದುವವರು ಒಬ್ಬರೂ ಇಲ್ಲ.

ಡಾಕ್ಟರಮ್ಮ ಎಣಿಸುತ್ತಿರುವ ವಾರಗಳು ಸರಿಯಲ್ಲ. ತಪ್ಪಿಸಿದವಳು ನಾನು.

ಮದುವೆ ಆದದ್ದು ಹೋದ ಜೂನಿನಲ್ಲಿ. ಜುಲೈ ನಡುವಿಗೆ ಆಷಾಢದಂಥ ಆಡಿ ತಿಂಗಳು ಹುಟ್ಟಿತು. ಹೊಸ ಹೆಣ್ಣನ್ನು ಆಡಿಯಲ್ಲಿ ತಾಯಿಮನೆಗೆ ಕರೆಸಿಕೊಳ್ಳುವುದು ನಮ್ಮಲ್ಲಿ ಕಟ್ಟುನಿಟ್ಟು. ಆಡಿಯಲ್ಲಿ ನಿಂತ ಗರ್ಭ ಚಿತ್ತಿರೆಯಲ್ಲಿ, ಅಂದರೆ ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗಿನ ಸುಡುಬಿಸಿಲಿನಲ್ಲಿ ಹೆರಿಗೆಗೆ ಬರುತ್ತದೆ. ಚಿತ್ತಿರೆಯ ಕೂಸು ಮನೆಯ ಹಿರಿಯನ ತಲೆಗೆ ಆಗದು ಎನ್ನುತ್ತಾರೆ. ಇನ್ನೂರು ಮನೆಗೆ ಈ ಬುದ್ಧಿ ಹೇಳಿ ಹೆಣ್ಣುಮಕ್ಕಳನ್ನು ತವರಿಗೆ ಕಳಿಸಿದವಳು ನಾನೇ.

ಆಗಸ್ಟ್ ಮೊದಲ ವಾರ ಅಳಿಯ ವಿಮಲ್ ವೇದಸಂದೂರಿನಿಂದ ಬಂದ. ಸುರುಳಿ ಅರುವಿಯ ಜಲಪಾತ ನೋಡಲು ಗೆಳೆಯರ ಜೊತೆ ಹೊರಟೆ ಎಂದು ಅವನ ಅಮ್ಮನಿಗೆ ಹೇಳಿ ಬಂದಿದ್ದನಂತೆ. ಗೆಳೆಯರೂ ಇರಲಿಲ್ಲ, ಅರುವಿಯೂ ಇರಲಿಲ್ಲ. ಮೂರು ದಿನ ನಮ್ಮ ಮನೆಯಲ್ಲೇ ಇದ್ದ. ಹುಡುಗ ಬಾಗಿಲಲ್ಲಿ ನಿಂತ ರೀತಿ ನೋಡಿ ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಬಾಯಿಗೆ ಬಾರದ ಮಾತು ಅದೊಂದೇ.

ಸೆಪ್ಟೆಂಬರಿನಲ್ಲಿ ಮಗಳು ವಿಷಯ ಹೇಳಿದಾಗ ನಾನು ಎಣಿಸಿದೆ. ಕೊನೆಯ ಮುಟ್ಟು ಜುಲೈ 25. ಹೆರಿಗೆ ಮೇ 1, ಚಿತ್ತಿರೆಯ ನಟ್ಟನಡುವೆ. ಹದಿನಾಲ್ಕು ದಿನ ಮುಂದೆ ತಳ್ಳಿದೆ. ಕೊನೆಯ ಮುಟ್ಟು ಆಗಸ್ಟ್ 8 ಎಂದರೆ ಹೆರಿಗೆ ಮೇ 15, ಚಿತ್ತಿರೆ ಕಳೆದು ಬರುವ ವೈಗಾಸಿಯ ಮೊದಲ ದಿನ. ಜಾತಕದಲ್ಲಿ ಗಂಡಿನ ವಯಸ್ಸು ಇಳಿಸಿದಷ್ಟೇ ಸುಲಭವಾಯಿತು. ಕಣ್ಣು ತಾಗುತ್ತದೆ ಎಂದು ಆರನೇ ತಿಂಗಳ ತನಕ ಸ್ಕ್ಯಾನಿಗೂ ಕಳಿಸಲಿಲ್ಲ. ಮಗು ಸ್ವಲ್ಪ ದೊಡ್ಡದಿದೆ ಎಂದರು ಆಗ. ನಮ್ಮ ಮನೆ ಮೂಳೆಯೇ ಹಾಗೆ ಎಂದೆ.

ಒಟ್ಟಿನಲ್ಲಿ ಆಸ್ಪತ್ರೆಯೊಳಗೇ ಇದ್ದಾಳೆ. ಯಾವ ದಿನ ನೋವು ಬಂದರೂ ಅರವತ್ತೆರಡು ಹೆಜ್ಜೆ. ಹೇಳುವ ಅಗತ್ಯವಿಲ್ಲ.

ಮಾರ್ಚ್ 21, ಶುಕ್ರವಾರ

ಬೀಗಿತ್ತಿ ರಂಗಮ್ಮಾಳ್ ಫೋನ್ ಮಾಡಿದ್ದರು. ಏಪ್ರಿಲ್ ಹದಿನೇಳು ಎಂದು ವಿಮಲ್ ಹೇಳಿದ್ದಾನೆ. ಅವರಿಗೆ ಗೋಡೆಯ ಕ್ಯಾಲೆಂಡರ್ ಸಾಕು, ನನ್ನಂಥವಳು ಬೇಡ.

"ಸಂಬಂದಿ, ಅದು ಚಿತ್ತಿರೆ ನಾಕು ಅಲ್ವಾ?"

"ಆಮಾ ಸಂಬಂದಿ."

"ವೈಗಾಸಿ ಕೂಸು ಅಂತ ನೀವೇ ತಾನೇ ಹೇಳಿದ್ದು. ಒಂದ್ ತಿಂಗ್ಳು ತಳ್ಳಿ ಇಕ್ಕಾಕಾಗದಾ? ನಮ್ಮೆಜಮಾನ್ರ ಎದೇಲಿ ಎರಡು ಸ್ಟೆಂಟ್ ಐತೆ. ನಂಗೆ ಬಯ."

ಚಿತ್ತಿರೆಯನ್ನು ತಪ್ಪಿಸಲು ನಾನು ಹೇಳಿದ ಸುಳ್ಳೇ ಕೂಸನ್ನು ತಂದು ಚಿತ್ತಿರೆಯಲ್ಲಿ ಕೂರಿಸಿದೆ. ನಿಜವಾದ ದಿನ ಕೊಟ್ಟಿದ್ದರೆ ಮೂವತ್ತಾರು ವಾರ ಏಪ್ರಿಲ್ 3ಕ್ಕೇ ಬೀಳುತ್ತಿತ್ತು. ಅದು ಚಿತ್ತಿರೆಗೆ ಹಿಂದಿನ ಪಂಗುನಿ. ಯಾರಿಗೂ ತಕರಾರಿಲ್ಲದ ತಿಂಗಳು. ನಗಬೇಕೆನಿಸಿತು, ನಗು ಬರಲಿಲ್ಲ.

ಮಾತಿನಲ್ಲಿ ಸಾಧಿಸೋಣ ಎಂದು ಡಾಕ್ಟರಮ್ಮನ ಕೋಣೆಗೆ ಹೋದೆ. ಮುಹೂರ್ತ ಎಂದೆ, ಕುಲದೇವರು ಎಂದೆ, ಏಪ್ರಿಲ್ ಮೂರರ ನಕ್ಷತ್ರ ಹೊಗಳಿದೆ. ಎಂಥೆಂಥ ಮಾವಂದಿರನ್ನು ಒಪ್ಪಿಸಿದ ನಾಲಿಗೆ ಇದು.

ಅವರು ಪೂರ್ತಿ ಕೇಳಿಸಿಕೊಂಡರು. "ಅಮ್ಮಾ, ನಿಮ್ಮ ದಿನದ ಪ್ರಕಾರ ಏಪ್ರಿಲ್ ಮೂರಕ್ಕೆ ಮಗುವಿಗೆ ಮೂವತ್ತನಾಲ್ಕೇ ವಾರ. ನೋವಿಲ್ಲದೆ, ರಕ್ತವಿಲ್ಲದೆ, ನಕ್ಷತ್ರಕ್ಕಾಗಿ ನಾನು ಹೊಟ್ಟೆ ಕೊಯ್ಯುವುದಿಲ್ಲ. ಒಂದೊಂದು ವಾರವೂ ಅದರ ಉಸಿರು" ಎಂದರು.

ನಿಮ್ಮ ದಿನದ ಪ್ರಕಾರ. ಆ ಮಾತು ಸಂಜೆವರೆಗೂ ಕಿವಿಯಲ್ಲಿ ಕೂತಿತ್ತು.

ಮಾರ್ಚ್ 24, ಸೋಮವಾರ

ಇವತ್ತು ಮತ್ತೆ ಸಕ್ಕರೆ ನೀರು. ಮಗು ದಿನಕ್ಕಿಂತ ದೊಡ್ಡದಿದೆ, ತಾಯಿಗೆ ಸಕ್ಕರೆ ಕಾಯಿಲೆ ಇರಬಹುದು ಎಂಬ ಅನುಮಾನ. ಇದು ಮೂರನೆಯ ಸಲ. ಖಾಲಿ ಹೊಟ್ಟೆಯಲ್ಲಿ ಆ ಲೋಟ ಹಿಡಿದು ಸರಣ್ಯಾ ಮೂಗು ಮುಚ್ಚಿಕೊಂಡು ಕುಡಿದಳು. ಕುಡಿದು ವಾಂತಿ ತಡೆಯಲು ನನ್ನ ಕೈ ಹಿಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ಅಮ್ಮಾ, ನಾವು ಕೊಟ್ಟ ದಿನದಿಂದ ತಾನೇ ಇದು?"

"ಸುಮ್ನಿರು ಕಣ್ಣು."

"ಹೇಳ್ಬಿಡ್ಲಾ ಅಮ್ಮಾ ನಾನು?"

"ಹೇಳಿದ್ರೆ ನಿಮ್ಮತ್ತೆ ಏನಂತಾರೆ ಗೊತ್ತಾ? ಆಡೀಲಿ ನೀನು ನಮ್ಮನೇಲಿ ಇದ್ದೆ, ಅವರ ಮಗ ಅವರ ಮನೇಲಿ ಇದ್ದ. ಬಾಕಿ ಲೆಕ್ಕ ಊರೇ ಹಾಕ್ತದೆ."

ಹೆದರಿಸಿದ್ದು ಸರಿಯಾಯಿತೋ ಇಲ್ಲವೋ. ಆದರೆ ಅವಳ ಮಾತು ನಿಂತಿತು.

ಚಿನ್ನಮನೂರಿನ ಹೆಣ್ಣಿನ ಕಡೆ ಪಾರ್ಟಿ ಫೋನ್ ಮಾಡಿದ್ದರು, ಗಂಡಿನ ವಯಸ್ಸು ಕೇಳಿ. ಆಮೇಲೆ ಹೇಳುತ್ತೇನೆ ಎಂದೆ.

ಮಾರ್ಚ್ 26, ಬುಧವಾರ

ಬೆಳಿಗ್ಗೆ ಹತ್ತೂವರೆಗೆ ಹೊಟ್ಟೆ ಗಟ್ಟಿಯಾಗತೊಡಗಿತು. ಹತ್ತು ನಿಮಿಷಕ್ಕೊಮ್ಮೆ. ಸರಣ್ಯಾ "ಬಯಮಾ ಇರುಕ್ಕುಮ್ಮಾ" ಎಂದಳು. ಹೆದರಿದಾಗ ಅವಳಿಗೆ ಕನ್ನಡ ಸಾಲದು, ತಮಿಳಿಗೆ ಹೋಗುತ್ತಾಳೆ.

ನರ್ಸ್ ಓಡಿದಳು. ಥಿಯೇಟರಿನಲ್ಲಿ ಇನ್ನೊಬ್ಬ ಹೆಂಗಸಿನ ಹೊಟ್ಟೆ ತೆರೆದಿದೆ, ಮುಗಿಯಲು ಇನ್ನೂ ನಲವತ್ತು ನಿಮಿಷ ಎಂದು ಹೇಳಿಕಳಿಸಿದರು. ಯಾರ ತಪ್ಪೂ ಅಲ್ಲ. ಅವಳೂ ಯಾರದೋ ಮಗಳು.

ಮಗುವಿನ ಎದೆಬಡಿತದ ಯಂತ್ರ ಹಚ್ಚಿ ಕೂತೆವು. ನಾನು ಅಂಕಿ ನೋಡುತ್ತಿದ್ದೆ. 142, 138, 144. ಒಂದು ಸಲ 121. ನೀರು ಒಡೆಯಲಿಲ್ಲ. ಮಾತ್ರೆ ಕೊಟ್ಟರು. ಹನ್ನೊಂದೂವರೆಗೆ ಹೊಟ್ಟೆ ಸಡಿಲವಾಯಿತು.

ಅರವತ್ತೆರಡು ಹೆಜ್ಜೆ ಎಂದು ಬರೆದಿದ್ದೆನಲ್ಲ. ಹೆಜ್ಜೆ ಮುಗಿದಲ್ಲಿ ಬಾಗಿಲು ಮುಚ್ಚಿರಬಹುದು ಎಂಬುದನ್ನು ನಾನು ಎಣಿಸಿರಲಿಲ್ಲ.

ಯಜಮಾನರು ಮಧ್ಯಾಹ್ನ ಬಂದರು. ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ಎಲ್ಲ ಹೇಳಿದೆ. ಅವರಿಗೆ ಅರ್ಧ ಗೊತ್ತಿತ್ತು. ಡಾಕ್ಟರಮ್ಮನಿಗೆ ಯಾವ ದಾರಿಯಲ್ಲಿ ಹೇಳಿದರೆ ಹುಡುಗಿಗೆ ಕೆಟ್ಟ ಹೆಸರು ಬಾರದು, ತಪ್ಪನ್ನು ಸ್ಕ್ಯಾನಿನ ಮೇಲೆ ಹಾಕಿದರೆ ಹೇಗೆ, ಮರೆತಿತ್ತು ಎಂದರೆ ಹೇಗೆ ಎಂದು ಒಂದೊಂದೇ ಬಿಡಿಸಿದೆ.

"ಪೇಚ್ಚೀ" ಎಂದು ನನ್ನ ಹೆಸರು ಹಿಡಿದು ಕರೆದರು. "ಮಾತಾಡ್ಬ್ಯಾಡ. ಹೇಳು, ಅಷ್ಟೆ."

ಎದ್ದು ಬಸ್ಸಿಗೆ ಹೋದರು.

ಮಾರ್ಚ್ 27, ಗುರುವಾರ

ಹೇಳಿದೆ.

ಡಾಕ್ಟರಮ್ಮ ಒಬ್ಬರೇ ಇರುವಾಗ ಹೇಳಬೇಕೆಂದು ಒಂಬತ್ತಕ್ಕೇ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಕಾಲಿಡುವಾಗ ಹಿಂದೆ ಟಿಫಿನ್ ಕ್ಯಾರಿಯರ್ ಸದ್ದಾಯಿತು. ತಿರುಗಿದರೆ ರಂಗಮ್ಮಾಳ್. ನಿನ್ನೆಯ ಸುದ್ದಿ ಕೇಳಿ ಮೊದಲ ಬಸ್ಸಿಗೇ ವೇದಸಂದೂರು ಬಿಟ್ಟವರು. "ನಾನೂ ಕೇಳ್ತೀನಿ, ನನ್ ಮೊಮ್ಮಗು" ಎಂದು ನನ್ನ ಜೊತೆಗೇ ಒಳಗೆ ಬಂದು ಕೂತರು. ನಾಳೆ ಹೇಳಬಹುದಿತ್ತು. ಬಾಯಿ ಆಗಲೇ ತೆರೆದಿತ್ತು.

"ಡಾಕ್ಟರಮ್ಮ, ನಾವು ಕೊಟ್ಟ ದಿನ ತಪ್ಪು. ಕೊನೆಯ ಮುಟ್ಟು ಆಗಸ್ಟ್ ಎಂಟಲ್ಲ, ಜುಲೈ ಇಪ್ಪತ್ತೈದು. ಹದಿನಾಲ್ಕು ದಿನ ಮುಂದೆ ತಳ್ಳಿದವಳು ನಾನು. ಹುಡುಗಿ ನಾನು ಹೇಳಿಕೊಟ್ಟದ್ದನ್ನು ಒಪ್ಪಿಸಿದಳು."

ಇಷ್ಟೇ. ಜೀವನದಲ್ಲಿ ಇಷ್ಟು ಚಿಕ್ಕದಾಗಿ ನಾನು ಏನನ್ನೂ ಹೇಳಿಲ್ಲ.

ಡಾಕ್ಟರಮ್ಮ ಮೇಜಿನ ಮೇಲಿದ್ದ ವಾರ ಎಣಿಸುವ ಕಾಗದದ ಚಕ್ರ ತಿರುಗಿಸಿದರು. "ಹಾಗಾದರೆ ಇವತ್ತಿಗೆ ಮೂವತ್ತೈದು ವಾರ. ಮಗುವಿನ ಅಳತೆ ಮೂರು ತಿಂಗಳಿಂದ ಇದನ್ನೇ ಹೇಳುತ್ತಿದೆ. ನಾನು ಮಗುವನ್ನು ನಂಬದೆ ನಿಮ್ಮನ್ನು ನಂಬಿದೆ. ಮೂರು ಸಲ ಆ ಹುಡುಗಿಗೆ ಸಕ್ಕರೆ ನೀರು ಕುಡಿಸಿದೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದಲ್ಲಿ ರಂಗಮ್ಮಾಳ್ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು. ನಾನು ಹೆದರಿದ್ದು ಆ ಹೆಬ್ಬೆರಳಿಗೆ.

"ಆಡೀಲಿ ಅವ್ಳು ನಿಮ್ಮನೇಲಿ ಇದ್ಳು" ಎಂದರು.

"ಆಮಾ."

"ಇವ್ನು ನಮ್ಮನೇಲಿ..."

ಮುಂದಿನ ಮಾತು ಬರುವ ಮೊದಲೇ ವಿಮಲ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಹಿಂದೆ ನೂಲಿನ ಮಿಲ್ಲಿನ ಗದ್ದಲ. ಅಲ್ಲಿ ಸೂಪರ್‌ವೈಸರ್ ಅವನು.

"ಮಾಪ್ಳೆ, ನಿಮ್ಮಮ್ಮ ಪಕ್ಕದಲ್ಲಿ ಅವ್ರೆ. ಆಡೀಲಿ ಸುರುಳಿ ಅರುವಿ ನೋಡಾಕೆ ಬಂದೋರು ಎಷ್ಟ್ ದಿನ ನಮ್ಮನೇಲಿ ಇದ್ರಿ?"

"ಮೂರ್ ದಿನ ಅತ್ತೆ."

"ಅರುವೀಲಿ ನೀರು ಇತ್ತಾ?" ಎಂದು ರಂಗಮ್ಮಾಳ್ ಕೇಳಿದರು.

"ನಾ ಆ ಕಡೆಗೇ ಓಗ್ಲಿಲ್ಲ ಅಮ್ಮಾ."

ಡಾಕ್ಟರಮ್ಮ ತಲೆ ತಗ್ಗಿಸಿ ಏನೋ ಬರೆಯತೊಡಗಿದರು. ರಂಗಮ್ಮಾಳ್ ಎದ್ದರು. "ನನ್ ಗಂಡನ್ ಎದೆ ವಿಷ್ಯ ನಿಮ್ಗೆ ಗೊತ್ತಿತ್ತು ಸಂಬಂದಿ. ಗೊತ್ತಿದ್ದೂ ನನ್ನ ಏಳು ತಿಂಗ್ಳು ವೈಗಾಸಿ ವೈಗಾಸಿ ಅಂತ ಕುಣಿಸಿದ್ರಿ." ವಾರ್ಡಿಗೆ ಹೋಗಿ ಸರಣ್ಯಾಳಿಗೆ ಕ್ಯಾರಿಯರ್ ಕೊಟ್ಟು, ಅವಳ ತಲೆ ಮುಟ್ಟಿ ಹೊರಟುಹೋದರು. ನನ್ನ ಕಡೆ ತಿರುಗಲಿಲ್ಲ.

ಒಮ್ಮೆ ನೋವು ಕಾಣಿಸಿಕೊಂಡ ಮೇಲೆ ಮೂರರವರೆಗೂ ಕಾಯುವಂತಿಲ್ಲವಂತೆ. ಆಪರೇಷನ್ ಏಪ್ರಿಲ್ 1ರ ಬೆಳಿಗ್ಗೆ, ಥಿಯೇಟರ್ ಬೇರೆ ಯಾರಿಗೂ ಕೊಡದೆ. ಹೊರಡುವಾಗ ಡಾಕ್ಟರಮ್ಮ ಕೇಳಿದರು: "ಇವತ್ತು ಯಾಕೆ ಹೇಳಿದಿರಿ?"

"ನಿನ್ನೆ ಬಾಗಿಲು ಮುಚ್ಚಿತ್ತು" ಎಂದೆ.

ಮಾರ್ಚ್ 29, ಶನಿವಾರ

ಚಿನ್ನಮನೂರಿನವರು ಮತ್ತೆ ಫೋನ್ ಮಾಡಿದರು. ಗಂಡಿಗೆ ಮೂವತ್ತನಾಲ್ಕು ಎಂದುಬಿಟ್ಟೆ. ಮೂವತ್ತೊಂದು ಅನ್ನಬೇಕಿತ್ತು. ನಿದ್ದೆ ಸಾಲದೆ ಬಾಯಿ ಜಾರಿತು. ಆ ಸಂಬಂಧ ಹೋದಂತೆ.

ರಂಗಮ್ಮಾಳ್ ಫೋನ್ ಇಲ್ಲ. ಅಮ್ಮ ಯಾರ ಹತ್ತಿರವೂ ಮಾತಾಡುತ್ತಿಲ್ಲ, ಅಡುಗೆ ಮಾತ್ರ ಮಾಡುತ್ತಾರೆ ಎಂದು ವಿಮಲ್ ಹೇಳಿದ.

ಸರಣ್ಯಾ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳಂತೆ. ಎಷ್ಟೋ ದಿನದ ಮೇಲೆ.

ಏಪ್ರಿಲ್ 1, ಮಂಗಳವಾರ

ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆಯ ಮುಂದೆ ಒಂದು ವ್ಯಾನ್ ನಿಂತಿತು. ವಿಮಲ್ ಇಳಿದ, ಅವನ ಹಿಂದೆ ಮಿಲ್ಲಿನ ನಾಲ್ಕು ಜನ, ಎಲ್ಲರ ತಲೆಯಲ್ಲೂ ಹತ್ತಿಯ ಪುಡಿ, ರಾತ್ರಿ ಪಾಳಿ ಮುಗಿಸಿ ನೇರ ಬಂದವರು. ಕೊನೆಗೆ ರಂಗಮ್ಮಾಳ್ ಇಳಿದರು. ನಾಲ್ವರದೂ ಸರಣ್ಯಾಳ ರಕ್ತದ ಗುಂಪು. ಬೇಕಾದರೆ ಕೊಡಲು ತಯಾರಾಗಿ ಬಂದಿದ್ದರು. ಮಿಲ್ಲಿನ ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳಿ ಆರಿಸಿದ್ದು ಅಮ್ಮನೇ ಎಂದು ವಿಮಲ್ ಹೇಳಿದ. ಅವರಾದರೋ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಚೀಲ ಇಟ್ಟು ಕೂತರು.

ಸರಣ್ಯಾಳನ್ನು ಕರೆದುಕೊಂಡು ಹೋದರು. ಬಾಗಿಲು ತೆರೆದೇ ಇತ್ತು, ಅವಳು ಹೋದ ಮೇಲೆ ಮುಚ್ಚಿತು.

ನಾನು ಏನೂ ಎಣಿಸಲಿಲ್ಲ. ಎದುರಿನ ಗೋಡೆಯಲ್ಲಿ ಒಂದು ಬಿರುಕಿತ್ತು, ಅದನ್ನೇ ನೋಡುತ್ತಿದ್ದೆ. ಯಜಮಾನರು ಕಂಬದಂತೆ ನಿಂತಿದ್ದರು. ಒಳಗಿನಿಂದ ಅಳು ಬರಬೇಕಿತ್ತು, ಬರಲಿಲ್ಲ. ರಂಗಮ್ಮಾಳ್ ಚೀಲ ಎತ್ತಿ ಕೆಳಗಿಟ್ಟು ನನ್ನ ಪಕ್ಕಕ್ಕೆ ಸರಿದರು. ಆಮೇಲೆ ಬಂತು. ಬೆಕ್ಕಿನ ಮರಿಯಂಥ ದನಿ, ನಿಲ್ಲುತ್ತ ನಿಲ್ಲುತ್ತ.

ಹೆಣ್ಣು. ಎರಡು ಕಿಲೋ ಮುನ್ನೂರು. ಉಸಿರು ಸ್ವಲ್ಪ ಕಷ್ಟ, ಎರಡು ಮೂರು ದಿನ ಆಮ್ಲಜನಕ ಬೇಕು ಎಂದರು. ತಾಯಿ ಚೆನ್ನಾಗಿದ್ದಾಳೆ. ನಾಲ್ವರ ರಕ್ತ ಬೇಕಾಗಲಿಲ್ಲ. ಇಡ್ಲಿ ತಿಂದು ವ್ಯಾನ್ ಹತ್ತಿದರು.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಳಗೆ ಕರೆದು ತಟ್ಟೆಯಲ್ಲಿದ್ದ ಮಾಸು ತೋರಿಸಿದರು. ದೊಡ್ಡದು ರಾಗಿರೊಟ್ಟಿಯಷ್ಟು, ಮರಿ ನನ್ನ ಅಂಗೈಯಷ್ಟು. ನಡುವಿನ ಪೊರೆಯನ್ನು ಅವರು ಕೈಗವಸಿನ ಬೆರಳ ಮೇಲೆ ಹರಡಿದರು. ಮೂರು ನಾಳ, ಬರೀ ಮೈಯಲ್ಲಿ.

"ಗರ್ಭದ ಬಾಯಿ ಆಗಲೇ ತೆರೆಯಲು ಶುರುವಾಗಿತ್ತು. ಹದಿನೇಳರವರೆಗೆ ಇದು ಕಾಯುತ್ತಿರಲಿಲ್ಲ" ಎಂದರು.

ರಂಗಮ್ಮಾಳ್ ಬಗ್ಗಿ ನೋಡಿದರು. ಮಿಲ್ಲಿನ ಊರಿನವರು, ಮದುವೆಗೆ ಮೊದಲು ಹತ್ತು ವರ್ಷ ನೂಲು ತೆಗೆದವರು.

"ಇಷ್ಟ್ ಸಣ್ಣ ಎಳೇಲಾ ಕೂಸು ನಿಂತಿದ್ದು" ಎಂದರು. ಹೇಳಿದ್ದು ನನಗೆ.

ಏಪ್ರಿಲ್ 4, ಶುಕ್ರವಾರ

ಆಮ್ಲಜನಕ ತೆಗೆದರು. ಕೂಸನ್ನು ಇವತ್ತು ತಾಯಿಯ ಪಕ್ಕಕ್ಕೆ ಕೊಟ್ಟರು. ಹಾಲು ಹೀರಲು ಬಲವಿಲ್ಲ, ಎರಡು ಸಲ ಎಳೆದು ನಿದ್ದೆ ಹೋಗುತ್ತದೆ. ಅಂಗಾಲು ತಟ್ಟಿ ಎಬ್ಬಿಸಬೇಕು. ಸರಣ್ಯಾ ತಟ್ಟುತ್ತಾಳೆ, ಅವಳು ಸೋತರೆ ರಂಗಮ್ಮಾಳ್, ಆಮೇಲೆ ನಾನು.

ವೇದಸಂದೂರಿನಿಂದ ರಂಗಮ್ಮಾಳಿಗೆ ಅವರ ನಾದಿನಿ ಯಾರೋ ಫೋನ್ ಮಾಡಿದ್ದಳು. ಊರಲ್ಲಿ ಎಣಿಕೆ ಶುರುವಾಗಿರಬೇಕು. ದಿನ ತುಂಬದ ಕೂಸು ಎಂದರೆ ಎಲ್ಲ ಮುಚ್ಚಿಹೋಗುತ್ತದೆ, ಹಳೆಯ ಸುಳ್ಳೇ ಇನ್ನೂ ಕೆಲಸಕ್ಕೆ ಬರುತ್ತದೆ. ಅದನ್ನು ರಂಗಮ್ಮಾಳಿಗೆ ಸನ್ನೆಯಲ್ಲಿ ಹೇಳಲೂ ನನಗೆ ಮನಸ್ಸಾಗಲಿಲ್ಲ. ಅವರು ವಾರ್ಡಿಗೆಲ್ಲ ಕೇಳುವಂತೆ ಮಾತಾಡಿದರು.

"ಆಮಾ, ಆಡೀಲೇ ನಿಂತಿದ್ದು. ನನ್ ಮಗ ಓಗಿದ್ದ, ಬಂದ. ಅದ್ಕೇನೀಗ? ನಿಂಗೆ ಎಣ್ಸಾಕೆ ಅಷ್ಟ್ ಆಸೆ ಇದ್ರೆ ನಿನ್ ಮದ್ವೆ ದಿನದಿಂದ ನಿನ್ ದೊಡ್ ಮಗ ಹುಟ್ಟಿದ್ ದಿನದ್ವರ್ಗೂ ಎಣ್ಸು, ನಾನೂ ಜೊತೇಲಿ ಎಣ್ಸ್ತೀನಿ."

ಫೋನ್ ಇಟ್ಟು ನನ್ನ ಕಡೆ ತಿರುಗಿ, "ನಗ್ಬ್ಯಾಡಿ ಸಂಬಂದಿ. ನಿಮ್ ಮೇಲೆ ಸಿಟ್ಟು ಇನ್ನೂ ಐತೆ" ಎಂದರು.

"ಇರ್ಲಿ" ಎಂದೆ. ಇರಬೇಕಾದದ್ದೇ.

ಸಂಜೆ ಕೂಸು ನನ್ನ ಮಡಿಲಲ್ಲಿತ್ತು. ಎಷ್ಟು ಹೊತ್ತೋ. ಸರಣ್ಯಾ ಮಲಗಿದಲ್ಲಿಂದಲೇ ಕೇಳಿದಳು:

"ಅಮ್ಮಾ, ಇವ್ಳು ಹುಟ್ಟಿದ್ ಗಳಿಗೆ ಎಷ್ಟು? ಜಾತಕ ಬರೀಬೇಕಲ್ಲ."

ಒಂಬತ್ತರ ಮೇಲೆ, ಹತ್ತಕ್ಕೆ ಮೊದಲು. ಅಷ್ಟೇ ಗೊತ್ತು. ಥಿಯೇಟರಿನ ಬಾಗಿಲ ಮೇಲೇ ಗಡಿಯಾರ ಇತ್ತು, ನಾನು ಅದರ ಕೆಳಗೇ ಕೂತಿದ್ದೆ. ಇಪ್ಪತ್ತೆಂಟು ವರ್ಷ ಕಂಡವರ ಮಕ್ಕಳ ಹುಟ್ಟುಗಳಿಗೆಯನ್ನು ನಿಮಿಷ ಬಿಡದೆ ಕೇಳಿ ಬರೆದುಕೊಂಡವಳು ನಾನು.

ಆಸ್ಪತ್ರೆಯ ಪುಸ್ತಕದಲ್ಲಿ ಇರುತ್ತದೆ. ನಾಳೆಯೋ ನಾಡಿದ್ದೋ ಕೇಳಿದರಾಯಿತು. ಈಗ ಎದ್ದರೆ ಕೂಸು ಎಚ್ಚರವಾಗುತ್ತದೆ.